ನಾನು ಸೇರಿಸಿದ ಒಂದು ಪದ

ಬಿಸಿಲು ಹೆಚ್ಚಾದರೆ ಬಿರುಬಿಸಿಲು, ಬಡತನ ಹೆಚ್ಚಾದರೆ ಕಡುಬಡತನ. ಬಿರುಬಡತನ ಎಂದು ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಹೀಗೆ ಕೆಲವು ಪದಗಳ ಮುಂದೆ ಕೆಲವೇ ಪದಗಳು ಬಂದು ನಿಲ್ಲುತ್ತವೆ ಎಂಬುದು ನನಗೆ ತಿಳಿದದ್ದು ವಿಶಾಖಪಟ್ಟಣದಲ್ಲಿ, ಟೈಪ್‌ರೈಟರಿನ ಮುಂದೆ ಕೂತ ಮೇಲೆ. ನೀಡ್ ಎಂದರೆ ಡೈಯರ್ ನೀಡ್, ಕನ್ಫ್ಯೂಷನ್ ಎಂದರೆ ಅಟ್ಟರ್ ಕನ್ಫ್ಯೂಷನ್, ಲಕ್ ಎಂದರೆ ಶಿಯರ್ ಲಕ್. ಹಳೆಯ ಫೈಲುಗಳಿಂದ ಇಂಥ ಜೋಡಿಗಳನ್ನು ಹೆಕ್ಕಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ, ತುಮಕೂರಿನಲ್ಲಿ ಟೈಪಿಂಗ್ ಕಲಿತು ಬಂದವನಿಗೆ ಅದೇ ಕಾಲೇಜು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಕಾರ್ಖಾನೆಗಳಿಗೆ ವೆಲ್ಡಿಂಗ್ ಸಾಮಾನು ಒದಗಿಸುವ ಕಂಪನಿ. ಕಚೇರಿ ದ್ವಾರಕಾ ನಗರದಲ್ಲಿ, ಹಿಂದೆಯೇ ಸ್ಟೋರು. ಮೇಲಿನ ಕಚೇರಿ ವಿಜಯವಾಡದಲ್ಲಿತ್ತು. ನಮ್ಮ ಸಾಹೇಬರು ಧಾರವಾಡದ ಕಡೆಯವರು. ಕೈಬರಹದಲ್ಲಿ ಒಣ ಒಣ ವಾಕ್ಯಗಳನ್ನು ಗೀಚಿ ಕೊಡುತ್ತಿದ್ದರು. ಒಮ್ಮೆ ಅವರ ನೀಡನ್ನು ನಾನು ಡೈಯರ್ ನೀಡ್ ಮಾಡಿದೆ. ಚಂದ ಆತು ಎಂದು ಮೆಚ್ಚಿಕೊಂಡರು. ಆಮೇಲೆ ನಾನು ಟೈಪ್ ಮಾಡಿದ್ದನ್ನು ಓದದೆಯೇ ಸಹಿ ಮಾಡತೊಡಗಿದರು.

ಸ್ಟೋರ್‌ಕೀಪರ್ ಅನಕಾಪಲ್ಲಿ ಕಡೆಯ ತೆಲುಗಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅನ್ನಯ್ಯ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮುಡು ಎನ್ನುತ್ತಿದ್ದರು. ಊರಿಗೆ ಹೊಸಬನಾದ ನನಗೆ ಬಾಡಿಗೆ ರೂಮು ಹುಡುಕಿ ಕೊಟ್ಟವರು ಅವರೇ. ನನಗೆ ಕಾಮಾಲೆಯಾದಾಗ ಒಂದು ತಿಂಗಳು ಎಣ್ಣೆಯಿಲ್ಲದ ಅಡುಗೆ ಮಾಡಿಸಿ ಡಬ್ಬಿಯಲ್ಲಿ ತಂದುಕೊಟ್ಟರು. ನನ್ನ ಇಂಗ್ಲಿಷ್ ಹುಚ್ಚು ಅವರಿಗೆ ತಮಾಷೆ. ಈ ತಮ್ಮುಡು ಕಾಗದ ಟೈಪ್ ಮಾಡುವುದಿಲ್ಲ, ಕಾಗದಕ್ಕೆ ಒಗ್ಗರಣೆ ಹಾಕುತ್ತಾನೆ ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದರು.

ಒಂದು ತುಫಾನಿನ ದಿನ ಅವರು ಊಟಕ್ಕೆ ಹೋಗುವಾಗ ಸ್ಟೋರಿನ ಸಮುದ್ರದ ಕಡೆಯ ಕಿಟಕಿ ಮುಚ್ಚುವುದನ್ನು ಮರೆತರು. ವೆಲ್ಡಿಂಗ್ ರಾಡಿನ ಪೆಟ್ಟಿಗೆಗಳು ನೆನೆದು ಹಾಳಾದವು. ಸಾಹೇಬರಿಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ಒಂದು ವಾರ್ನಿಂಗ್ ಕೊಟ್ಟು ಮುಗಿಸೋಣ ಎನ್ನುತ್ತಲೇ ಮೆಮೊ ಗೀಚಿ ಕೊಟ್ಟರು. ಅದರಲ್ಲಿ ನೆಗ್ಲಿಜೆನ್ಸ್ ಎಂದಷ್ಟೇ ಇತ್ತು. ನನ್ನ ಕಣ್ಣಿಗೆ ಆ ಪದ ಬೋಳು ಬೋಳಾಗಿ ಕಂಡಿತು. ನೆಗ್ಲಿಜೆನ್ಸ್ ಎಂದರೆ ಗ್ರಾಸ್ ನೆಗ್ಲಿಜೆನ್ಸ್ ಅಲ್ಲವೇ? ನನ್ನ ಪುಸ್ತಕದಲ್ಲೂ ಹಾಗೇ ಇತ್ತು. ಕೈ ತಾನಾಗಿ ಹೊಡೆಯಿತು. ಸಾಹೇಬರು ಸಹಿ ಮಾಡಿದರು. ಒಂದು ಪ್ರತಿ ಅನ್ನಯ್ಯನಿಗೆ, ಇನ್ನೊಂದು ವಿಜಯವಾಡಕ್ಕೆ.

ಹದಿನೈದು ದಿನಕ್ಕೆ ವಿಜಯವಾಡದಿಂದ ಉತ್ತರ ಬಂತು. ಕಂಪನಿಯ ನಿಯಮದಲ್ಲಿ ಬರೀ ನೆಗ್ಲಿಜೆನ್ಸಿಗೆ ವಾರ್ನಿಂಗ್ ಸಾಕು. ಗ್ರಾಸ್, ಅಂದರೆ ಘೋರ ಎಂಬ ಪದ, ಸೇರಿದರೆ ಅದು ದೊಡ್ಡ ಅಪರಾಧ, ವಿಚಾರಣೆ ಆಗಲೇಬೇಕು. ನಾನದನ್ನು ಅಲಂಕಾರ ಅಂದುಕೊಂಡಿದ್ದೆ. ಸಾಹೇಬರು ನನ್ನನ್ನು ಒಳಗೆ ಕರೆದರು.

"ಏನ್ರೀ, ಈ ಗ್ರಾಸ್ ಅನ್ನೂದು ನಾ ಬರದಿದ್ನೇನು? ಟೈಪಿಂಗ್ ತಪ್ಪಂತ ಆದ್ರ ಈಗs ಹೇಳ್ರಿ. ಒಂದು ಸಾಲು ಬರದು ಕಳಿಸ್ತೀನಿ, ಮುಗೀತದ."

ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ತಿಂಗಳೇ ಆಗುವುದಿತ್ತು.

"ಡ್ರಾಫ್ಟಲ್ಲೇ ಇತ್ತು ಸಾರ್."

"ಹೌದೇನು? ಸಿಟ್ಟಿನಾಗ ನಾನs ಬರದಿರಬೇಕು," ಎಂದರು. ಡ್ರಾಫ್ಟ್ ತೋರಿಸು ಎನ್ನಲಿಲ್ಲ. ಅಷ್ಟು ನಂಬಿದ್ದರು. ಆ ಹಾಳೆ ನನ್ನ ಡ್ರಾಯರಿನಲ್ಲೇ ಇತ್ತು. ನನ್ನ ಜಾಗಕ್ಕೆ ಬಂದು ಅದನ್ನು ನಾಲ್ಕಾಗಿ, ಎಂಟಾಗಿ ಹರಿದು, ಜೇಬಿನಲ್ಲಿಟ್ಟುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಚರಂಡಿಗೆ ಹಾಕಿದೆ.

ವಿಚಾರಣೆ ನಡೆಯಿತು. ಕಿಟಕಿ ಮರೆತದ್ದನ್ನು ಅನ್ನಯ್ಯ ಮೊದಲೇ ಒಪ್ಪಿಕೊಂಡಿದ್ದರು. ಅವರನ್ನು ಹೆಲ್ಪರ್ ಕೆಲಸಕ್ಕೆ ಇಳಿಸಿ ವಿಜಯವಾಡದ ಗೋಡೌನಿಗೆ ಹಾಕಿದರು. ಅವರ ಇಬ್ಬರು ಹೆಣ್ಣುಮಕ್ಕಳ ಶಾಲೆ ವರ್ಷದ ನಡುವೆ ಬಿಟ್ಟುಹೋಯಿತು. ಅದೇ ತಿಂಗಳು ನಾನು ಖಾಯಂ ಆದೆ.

ತೊಂಬತ್ತರ ದಶಕದ ಮೊದಲಲ್ಲಿ ನನಗೂ ವಿಜಯವಾಡಕ್ಕೆ ವರ್ಗವಾಯಿತು. ಹೋದ ದಿನವೇ ಕಂಡರು. ಖಾಕಿ ಅಂಗಿ ತೊಟ್ಟು, ಹೆಗಲ ಮೇಲೆ ಮಡಿಸಿದ ಗೋಣಿಚೀಲ ಹಾಕಿಕೊಂಡು ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ನನ್ನನ್ನು ನೋಡಿ ಖುಷಿಯಿಂದ ಓಡಿ ಬಂದರು. ಒಂದು ವಾರದ ನಂತರ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಆ ಮೆಮೊ ತಂದು ನನ್ನ ಮೇಜಿನ ಮೇಲೆ ಬಿಡಿಸಿದರು. ಅವರು ತೆಲುಗಿನಲ್ಲಿ ಕೇಳಿದ್ದು ಇಷ್ಟು:

"ನೆಗ್ಲಿಜೆನ್ಸ್ ನಾನು ಮಾಡಿದ್ದೇ ತಮ್ಮುಡೂ, ಇಲ್ಲ ಅನ್ನುವುದಿಲ್ಲ. ಅದರ ಮುಂದೆ ಇದೊಂದು ಇದೆಯಲ್ಲ, ಗ್ರಾಸ್. ಗ್ರಾಸ್ ಅಂದರೆ ಹುಲ್ಲು ಅಂತ ಇಲ್ಲಿಯವರು ನಗುತ್ತಾರೆ. ಸಾಹೇಬರು ಯಾಕೆ ಬರೆದರು ಇದನ್ನು? ಅವರಿಗೆ ನಾನು ಏನು ಮಾಡಿದ್ದೆ?"

ಸಾಹೇಬರು ಆಗಲೇ ನಿವೃತ್ತರಾಗಿ ಧಾರವಾಡ ಸೇರಿದ್ದರು. ನಾನು, "ಅದೆಲ್ಲ ಆಫೀಸಿನ ಭಾಷೆ ಅನ್ನಯ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದೆ.

ಹಳೆಯ ಹುದ್ದೆ ಮರಳಿ ಕೊಡಿ ಎಂದು ಒಂದು ಅರ್ಜಿ ಟೈಪ್ ಮಾಡಿಕೊಡಲು ಕೇಳಿದರು. ಮಾಡಿದೆ. ಸಿನ್ಸಿಯರ್ ರಿಗ್ರೆಟ್, ಹಂಬಲ್ ರಿಕ್ವೆಸ್ಟ್, ಒಂದನ್ನೂ ಬಿಡಲಿಲ್ಲ. ಗ್ರಾಸ್ ಎಂಬುದು ಟೈಪಿಸ್ಟ್ ಸೇರಿಸಿದ್ದು ಎಂಬ ಒಂದು ಸಾಲು ಮಾತ್ರ ಹಾಕಲಿಲ್ಲ. ಆ ಒಂದು ಸಾಲಿಗೇ ಅವರ ಹುದ್ದೆ ಮರಳುತ್ತಿತ್ತು. ಅವಧಿ ಮೀರಿದ ಅರ್ಜಿ ಎಂದು ಮೇಲಿನವರು ತಳ್ಳಿಹಾಕಿದರು. ತಮ್ಮುಡು ಎಷ್ಟು ಚೆನ್ನಾಗಿ ಬರೆದಿದ್ದ, ಆ ಸಾಹೇಬರ ಶಾಪವೇ ದೊಡ್ಡದು ಎಂದು ಮನೆಯಲ್ಲಿ ಹೇಳಿದರಂತೆ. ಅವರ ಹೆಂಡತಿ ನನಗೆ ಒಂದು ಭಾನುವಾರ ಊಟಕ್ಕೆ ಹೇಳಿ ಕಳಿಸಿದರು. ಹೋಗಿ ಉಂಡು ಬಂದೆ. ತಪ್ಪಿಲ್ಲದ ಮನುಷ್ಯನೊಬ್ಬನನ್ನು ಆ ಮನೆಯವರು ಬೈಯುತ್ತಿದ್ದುದನ್ನು ಎಲೆಯ ಮುಂದೆ ಕೂತು ಕೇಳಿದೆ.

ಅವರು ಹೆಲ್ಪರಾಗಿಯೇ ನಿವೃತ್ತರಾದರು. ಈಗ ವಿಜಯವಾಡದಲ್ಲಿ ಮಗಳ ಮನೆಯಲ್ಲಿದ್ದಾರೆ. ವಿಳಾಸ ನನ್ನ ಬಳಿ ಇದೆ. ನನಗೆ ತೆಲುಗು ಬರೆಯಲು ಚೆನ್ನಾಗಿ ಬರುತ್ತದೆ, ಅಷ್ಟು ವರ್ಷ ಆ ನೀರು ಕುಡಿದಿದ್ದೇನೆ. ಆದರೂ ಈ ತಪ್ಪೊಪ್ಪಿಗೆಯನ್ನು ಕನ್ನಡದಲ್ಲಿ ಬರೆದೆ. ಆ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂಬುದು, ಬರೆಯಲು ಕೂತಾಗಲೇ ನನಗೆ ಗೊತ್ತಿತ್ತು.