ಹೊಸಿಲು ದಾಟಬಾರದ ಹೆಸರು

ದೃಷ್ಟಿ ತಾಗುವುದು, ಗುಟ್ಟಿನ ಹೆಸರು ಕಾಯುವುದು, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಮೂರು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನೀವೇ ಯೋಚಿಸಿ.

ಮಾಗಡಿ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿಗಳು ಆಧಾರ್ ಕಾರ್ಡನ್ನು ಮೆಷಿನ್ನಿನಲ್ಲೇ ಮರೆತು ಹೋದರೆ ಹಿಂದೆಯೇ ಓಡಿ, ಕೊಟ್ಟು, ನಾಲ್ಕು ಬುದ್ಧಿಮಾತು ಹೇಳಿ ಬರುವ ಆಸಾಮಿ ನಾನು. ಇಂಥ ಬುದ್ಧಿವಂತ, ಮಗಳು ಸಾನ್ವಿಯ ವಿಷಯದಲ್ಲಿ ಮಾತ್ರ ಊರಿಗೆಲ್ಲ ಡಂಗುರ ಸಾರಿದ್ದೆ. ಅವಳ ಹೊಸ ಯೂನಿಫಾರಂ, ಶಾಲೆಯ ಗೇಟು, ಮಧ್ಯಾಹ್ನ ಅಜ್ಜಿಯ ಕೈ ಹಿಡಿದು ಮನೆಗೆ ಬರುವುದು, ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಫೋನಿನಲ್ಲಿ ಹಾಕುತ್ತಿದ್ದೆ. ಲೈಕು ಎಣಿಸುವುದು ಚಟವಾಗಿತ್ತು.

ಅವ್ವನ ದಾರಿಯೇ ಬೇರೆ. ನಮ್ಮ ಮೊದಲ ಮಗು ಹನ್ನೊಂದನೇ ದಿನಕ್ಕೇ ತೀರಿಹೋಗಿತ್ತು. ಅದಕ್ಕೇ ಸಾನ್ವಿ ಹುಟ್ಟಿದಾಗ ಅವ್ವ ಅವಳನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು, ‘ತಿಪ್ಪಿ’ ಎಂದು ಹೆಸರಿಟ್ಟಳು. ದೃಷ್ಟಿ ತಾಗದಿರಲಿ ಎಂದು ನಮ್ಮಲ್ಲಿ ಹಳಬರು ಮಾಡುವ ಕೆಲಸ. ಆ ಹೆಸರು ಹೊಸಿಲು ದಾಟಬಾರದೆಂದು ಕಟ್ಟಪ್ಪಣೆ ಬೇರೆ. ನನಗೂ ಅದನ್ನು ಹೇಳಿಕೊಳ್ಳಲು ನಾಚಿಕೆ, ಎಲ್ಲೂ ಬಾಯಿಬಿಟ್ಟಿರಲಿಲ್ಲ.

ಅವತ್ತು ನಾನೂ ಹೆಂಡತಿಯೂ ಕನಕಪುರಕ್ಕೆ ಮದುವೆಗೆ ಹೋಗಿದ್ದೆವು. ಛತ್ರದ ಬಾಗಿಲಲ್ಲೇ ಫೋಟೊ ತೆಗೆದು ಅದನ್ನೂ ಫೋನಿನಲ್ಲಿ ಹಾಕಿದೆ. ಇತ್ತ ಶಾಲೆ ಬಿಡುವ ಹೊತ್ತಿಗೆ, ಅವ್ವ ತಲುಪುವ ಮೊದಲೇ, ಒಬ್ಬ ಬೈಕಿನಲ್ಲಿ ಬಂದನಂತೆ. ನನ್ನ ಹೆಸರು, ಅಂಗಡಿ, ಕನಕಪುರದ ಮದುವೆ, ಎಲ್ಲವನ್ನೂ ಸರಿಯಾಗಿ ಹೇಳಿ, ಮಗುವನ್ನು ಕರೆತರಲು ನಾನೇ ಕಳಿಸಿದ್ದೇನೆ ಎಂದನಂತೆ. ಆಯಾ ನಂಬಿ ಗೇಟು ತೆಗೆದಳು. ಅವನು ಬೈಕಿನಿಂದ ಇಳಿಯದೆ “ತಿಪ್ಪೀ, ಬಾ” ಎಂದು ಕರೆದ. ಮಗು ಗೇಟಿನ ಕಂಬಿ ತಬ್ಬಿಕೊಂಡು ಕಿರುಚಿತು. ಜನ ತಿರುಗಿ ನೋಡುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಸುದ್ದಿ ಕೇಳಿ ಓಡಿ ಬಂದೆವು. ಯಾಕೆ ಕಿರುಚಿದೆ ಎಂದು ಮಗಳನ್ನು ಕೇಳಿದೆ.

“ಆ ಹೆಸ್ರಲ್ಲಿ ಹೊರ್ಗಡೆ ಯಾರ್ ಕರದ್ರೂ ಹೋಗ್ಬೇಡ ಅಂತ ಅಜ್ಜಿ ಹೇಳೈತೆ” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಅಪ್ಪಾ, ಅವ್ನು ಅಜ್ಜಿ ಕರ್ದಂಗೇ ಕರ್ದ” ಎಂದಳು.

ಪೊಲೀಸರಿಗೆ ದೂರು ಕೊಟ್ಟೆ, ಆಳು ಸಿಗಲಿಲ್ಲ. ಐದು ವರ್ಷದಿಂದ ಹಾಕಿದ್ದ ಒಂದೊಂದು ಫೋಟೊ ನೋಡಿದೆ, ಒಂದೊಂದು ವಿಡಿಯೊವನ್ನು ಕಿವಿಗೆ ಹಿಡಿದು ಕೇಳಿದೆ. ಬೇರೆಲ್ಲ ಅವನಿಗೆ ನಾನೇ ಒದಗಿಸಿದ್ದೆ. ಆ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಅದು ಹೇಗೆ ಹೊರಗೆ ಹೋಯಿತೋ ಇವತ್ತಿಗೂ ತಿಳಿಯದು. ಎಲ್ಲವನ್ನೂ ಅಳಿಸಿ ಹಾಕಿದೆ.

ಮಾರನೇ ದಿನದಿಂದ ಅವ್ವ ‘ತಿಪ್ಪಿ’ ಎನ್ನುವುದನ್ನೇ ಬಿಟ್ಟಳು. ಮೊಮ್ಮಗಳ ಕಿವಿಯಲ್ಲಿ ಬೇರೇನೋ ಹೆಸರು ಹೇಳಿದ್ದಾಳೆ. ಏನೆಂದು ಕೇಳಿದೆ.

“ನಿಂಗ್ಯಾಕ್ಲಾ ಅದು? ನಿನ್ ಕೈಲಿ ಪೋನೈತೆ” ಎಂದಳು.

ಮಗಳೂ ಹೇಳಲಿಲ್ಲ. ಅವಳ ಆ ಹೆಸರು ನನಗೆ ಇನ್ನೂ ಗೊತ್ತಿಲ್ಲ.