ಬಿಳಿಚೋಡು ಯಾವ ಗೈಡಿನಲ್ಲಿದೆ?

ಕೇಳಿದ್ದಕ್ಕೆ ಉತ್ತರ ಬರೆಯುವುದನ್ನೂ ಸೊಕ್ಕು ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಜಗಳೂರಿನ ಹೈಸ್ಕೂಲಿನಲ್ಲಿ ಹತ್ತನೇ ತರಗತಿ ಓದುವಾಗ. ಪಬ್ಲಿಕ್ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ಒಂದು ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಫೇಲಾದವರನ್ನು ಮುಂದಕ್ಕೆ ಕಳಿಸುತ್ತಿರಲಿಲ್ಲ. "ಫೇಲಾದ್ರೆ ಓದಿದ್ದು ಸಾಕು, ಮನ್ಯಾಗಿರು" ಎಂದು ನಮ್ಮೂರು ಬಿಳಿಚೋಡಿನಲ್ಲಿ ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ನನಗೋ ಕಾಲೇಜಿನ ಹುಚ್ಚು.

ಸಮಾಜ ಪಾಠದ ಮೇಷ್ಟ್ರದು ಒಂದೇ ಮಂತ್ರ: ಗೈಡು ಬಾಯಿಪಾಠ ಮಾಡಿ, ಹಾಳೆ ತುಂಬಿಸಿ. ಮೇಲಿಂದ ಮೇಲೆ ಅಡಿಷನಲ್ ಹಾಳೆ ಕೇಳಿ ದಾರ ಕಟ್ಟಿ ಕೊಟ್ಟವನೇ ಜಾಣ. ಹೀಗಾಗಿ ನಮ್ಮ ಕ್ಲಾಸಿನವರು ಅಕ್ಷರ ದಪ್ಪ ಮಾಡಿ, ಪೀಠಿಕೆಯಲ್ಲೇ ಊರೆಲ್ಲ ಸುತ್ತಿ, ಪ್ರಶ್ನೆಯ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದರು.

ಆ ಸಲದ ದೊಡ್ಡ ಪ್ರಶ್ನೆ: ಒಣಬೇಸಾಯಕ್ಕೂ ನೀರಾವರಿ ಬೇಸಾಯಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ವಿವರಿಸಿ. ಉಳಿದವರು ಒಣಬೇಸಾಯದ ಗಿಣಿಪಾಠ ಒಪ್ಪಿಸಿ, ಅದರ ಕೆಳಗೆ ನೀರಾವರಿಯದ್ದನ್ನು ಒಪ್ಪಿಸಿದರು. ನಾನು ಪ್ರಶ್ನೆಯನ್ನು ಮತ್ತೆ ಓದಿದೆ. ಕೇಳಿದ್ದು ವ್ಯತ್ಯಾಸ. ಅಂದಮೇಲೆ ಎರಡನ್ನೂ ಪಕ್ಕಪಕ್ಕ ನಿಲ್ಲಿಸಲೇಬೇಕು. ನೀರು, ಬೆಳೆ, ನಷ್ಟ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಪೀಠಿಕೆ ಬಿಟ್ಟು, ಮೊದಲ ಸಾಲಿನಲ್ಲೇ ಉತ್ತರ ಹೇಳಿದೆ: ಒಂದು ಮೋಡವನ್ನು ನಂಬುತ್ತದೆ, ಇನ್ನೊಂದು ನಾಲೆಯನ್ನು. ಆಮೇಲೆ ಉದಾಹರಣೆ. ನಮ್ಮ ಬಿಳಿಚೋಡಿನಲ್ಲಿ ಜೋಳ, ಶೇಂಗಾ. ಅಕ್ಕನನ್ನು ಕೊಟ್ಟ ಕತ್ತಲಗೆರೆಯಲ್ಲಿ ಭತ್ತ. ನಮ್ಮಲ್ಲಿ ಮಳೆ ತಪ್ಪಿದರೆ ಕುರಿ ಕೈಹಿಡಿಯುತ್ತದೆ; ಅಲ್ಲಿ ಕುರಿ ಗದ್ದೆಗಿಳಿದರೆ ಜಗಳ. ಒಂದೂವರೆ ಪುಟಕ್ಕೆ ಮುಗಿಯಿತು. ಮುಗಿದ ಮೇಲೆ ಎಳೆಯುವುದೇಕೆ?

ಮೇಷ್ಟ್ರು ಆ ಉತ್ತರಕ್ಕೆ ಸೊನ್ನೆ ಸುತ್ತಿದರು. ನಾನು ಫೇಲು. ಸಿಟ್ಟು ನೆತ್ತಿಗೇರಿ ಪೇಪರು ಹಿಡಿದುಕೊಂಡು ಸ್ಟಾಫ್ ರೂಮಿಗೇ ಹೋದೆ.

"ಬಿಳಿಚೋಡು ಯಾವ ಗೈಡಿನಾಗೈತೆ?" ಎಂದರು ಸಮಾಜದ ಮೇಷ್ಟ್ರು.

"ಗೈಡಿನಾಗಿಲ್ಲ ಸಾರ್, ಬಿಳಿಚೋಡು ಇದೇ ತಾಲ್ಲೂಕಿನಾಗೈತೆ."

ಪಕ್ಕದಲ್ಲಿ ಕೂತಿದ್ದ ಕನ್ನಡ ಮೇಷ್ಟ್ರು ನಕ್ಕುಬಿಟ್ಟರು. ಇವರ ಮುಖ ಕೆಂಪಾಯಿತು. ಖಾಲಿ ಹಾಳೆ ಮುಂದಿಟ್ಟು, "ಗೈಡಿನಾಗೆ ಇದ್ದಂಗೆ ಬರೆದುಕೊಡು. ಪಾಸು ಮಾಡ್ತೀನಿ" ಎಂದರು.

ಗೈಡಿನ ಉತ್ತರ ನನಗೂ ಬಾಯಿಗೆ ಬರುತ್ತಿತ್ತು. ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪನ ಮಾತೂ ನೆನಪಾಯಿತು. ಆದರೂ ಕೂತು ಹಳೆಯ ಉತ್ತರವನ್ನೇ ಬರೆದೆ, ಇನ್ನಷ್ಟು ಚಿಕ್ಕದಾಗಿ. ಈ ಸಲ ಒಂದೇ ಪುಟ.

ಮೇಷ್ಟ್ರು ಪ್ರಶ್ನೆಪತ್ರಿಕೆ ತರಿಸಿಕೊಂಡು ಪ್ರಶ್ನೆ ಓದಿದರು, ಆಮೇಲೆ ನನ್ನ ಪುಟ ಓದಿದರು. ಬಹುಶಃ ಆಗಲೇ ಮೊದಲ ಸಲ ಪೂರ್ತಿ ಓದಿದ್ದು. ಪಾಸಾಗುವಷ್ಟು ಮಾತ್ರ ಮಾರ್ಕ್ಸ್ ಹಾಕಿ ಪೇಪರನ್ನು ನನ್ನತ್ತ ತಳ್ಳಿದರು.

"ಪಬ್ಲಿಕ್ ಪರೀಕ್ಷೆನಾಗೆ ಹಿಂಗೇ ಬರೆದು ಫೇಲಾದ್ರೆ ನನ್ನ ಕೇಳಾಕೆ ಬರಬ್ಯಾಡ."

"ಹಿಂಗೇ ಬರೀತೀನಿ ಸಾರ್" ಎಂದೆ.

ಹಾಗೇ ಬರೆದೆ. ಅಪ್ಪ ನನ್ನನ್ನು ಕಾಲೇಜಿಗೆ ಕಳಿಸಬೇಕಾಯಿತು.