ಅಕ್ಕ ಕಟ್ಟೆಗೆ ಬಿಟ್ಟ ಹಾಲು

ಅಕ್ಕ ಹಾಲನ್ನು ಊರ ಕಟ್ಟೆಯ ನೀರಿಗೆ ಸುರಿಯುವುದನ್ನು ನಾನೇ ಕಂಡಿದ್ದೆನೋ, ಅವಳು ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ, ಈಗ ಖಚಿತವಿಲ್ಲ. ಸುರಿಯುತ್ತಿದ್ದುದು ಮಾತ್ರ ನಿಜ. ಭಾವನೂ ಹಾಗೇ ಹೇಳುತ್ತಾರೆ.

ಕೆಚ್ಚಲು ಬಾವು ಬಂದು ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಡೇರಿಗೆ ಹಾಕುವಂತಿಲ್ಲ. ಹಾಗೆಂದು ನೆಲಕ್ಕೆ ಚೆಲ್ಲುವಂತೆಯೂ ಇಲ್ಲ. ಮುಳ್ಳೂರಿನಾಚೆ ಅಕ್ಕನನ್ನು ಕೊಟ್ಟ ಊರಿನಲ್ಲಿ ಹಾಲನ್ನು ಯಾರೂ ತುಳಿಯಬಾರದು, ನೀರಿಗೇ ಬಿಡಬೇಕು. ಎಲ್ಲ ಮನೆಯವರೂ ಬಿಡುತ್ತಿದ್ದರು. ಅದೇ ಕಟ್ಟೆಯಲ್ಲಿ ಅಕ್ಕ ದಿನವೂ ಮೊಣಕಾಲುದ್ದ ನೀರಿಗಿಳಿದು ಬಟ್ಟೆ ಒಗೆಯುತ್ತಿದ್ದಳು.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಇಂಥದೇ ಔಷಧವನ್ನು ನೀರಿನಿಂದ ತೆಗೆಯುವ ಕೆಲಸದಲ್ಲಿದ್ದೆ. ನೀರಿನಲ್ಲಿ ಉಳಿದ ಔಷಧಕ್ಕೆ ಒಗ್ಗಿಕೊಂಡ ರೋಗಾಣುಗಳಿಗೆ ಮುಂದೆ ಆ ಔಷಧ ನಾಟುವುದಿಲ್ಲ. ನ್ಯಾನೋ ಕಣಗಳ ಜಿಂಕ್ ಆಕ್ಸೈಡ್ ಪುಡಿ. ಬೆಳಕು ಬಿದ್ದರೆ ಅದು ಔಷಧವನ್ನು ಒಡೆದುಹಾಕುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ, ದೀಪದ ಕೆಳಗೆ, ಔಷಧದ ಹಳದಿ ದ್ರಾವಣ ತಿಳಿಯಾಗುವುದನ್ನು ನೋಡುತ್ತಾ ಊಟ ಮರೆತದ್ದಿದೆ.

ಸಕ್ಕರೆ ಕಾಯಿಲೆಯಿದ್ದ ಅಕ್ಕನ ಕಾಲಿನಲ್ಲಿ ಹುಣ್ಣಾಯಿತು. ಮಾಯಲಿಲ್ಲ. ಕೊಳ್ಳೇಗಾಲದಲ್ಲಿ ಮಾತ್ರೆ ಬದಲಿಸಿದರು, ಸೂಜಿ ಬದಲಿಸಿದರು. ಕೀವಿನ ಪರೀಕ್ಷೆ ಮಾಡಿಸಿದ ಮೇಲೆ, ಮಾಮೂಲಿ ಆಂಟಿಬಯಾಟಿಕ್ ಯಾವುದೂ ಇದಕ್ಕೆ ನಾಟುವುದಿಲ್ಲ ಎಂದರು.

ಜಗುಲಿಯಲ್ಲಿ ಕಾಲು ಚಾಚಿ ಕೂತ ಅಕ್ಕ ಕೇಳಿದಳು, “ನಿನ್ ಪುಡಿಯ ನಮ್ ಕಟ್ಟೇಗ್ ಆಕುದ್ರೆ ಆಗಕಿಲ್ವೇನ್ಲಾ?”

“ಕಟ್ಟೆ ನೀರು ಬಗ್ಗಡ ಅಕ್ಕ. ಬೆಳಕು ಒಳಗಿಳಿಯಲ್ಲ. ಹಾಕಿದ ಪುಡಿ ವಾಪಸ್ ತೆಗೆಯೋದೂ ಕಷ್ಟ.”

“ಇಷ್ಟ್ ವರ್ಸ ಓದಿ ತಿಳಿನೀರ್ನೇ ತಿಳಿ ಮಾಡ್ದೆ ಅನ್ನು!” ಎಂದು ನಕ್ಕಳು. ನಗುವಾಗ ಕಾಲು ಅಲುಗಿ ಮುಖ ಹಿಂಡಿಕೊಂಡಳು.

ಬೇಸಿಗೆ ಮುಗಿಯುವ ಮೊದಲೇ ಹೋದಳು. ಸೋಂಕು ಕಟ್ಟೆಯಿಂದಲೇ ಬಂತೆಂದು ನಾನು ಹೇಳಲಾರೆ. ಕೊಟ್ಟಿಗೆಯಿಂದ ಬಂದಿರಬಹುದು, ಆಸ್ಪತ್ರೆಯಿಂದಲೂ ಬಂದಿರಬಹುದು. ಪುರಾವೆಯಿಲ್ಲದೆ ಏನನ್ನೂ ನಂಬದ ನನ್ನ ಅಭ್ಯಾಸ ಈ ವಿಷಯದಲ್ಲಿ ನಿದ್ದೆಯನ್ನಂತೂ ತಂದುಕೊಟ್ಟಿಲ್ಲ.

ಈ ಸಲ ಭಾವನ ಮನೆಗೆ ಹೋದಾಗ ಅಕ್ಕನ ಹಸುವಿಗೆ ಮತ್ತೆ ಕೆಚ್ಚಲು ಬಾವು. ನಾನು ಹಿತ್ತಿಲಿನಲ್ಲಿ ಪುಡಿ ಬಳಿದ ಹೆಂಚುಗಳನ್ನು ತಟ್ಟೆಯಲ್ಲಿಟ್ಟು, ಸೋಸಿದ ಕಟ್ಟೆ ನೀರು ತುಂಬಿ ಬಿಸಿಲಿಗೆ ಇಟ್ಟಿದ್ದೆ. ಭಾವ ಹಾಲಿನ ಬಕೆಟ್ಟು ಹಿಡಿದು ಬಂದು ನಿಂತರು.

“ಕಟ್ಟೇಗ್ ಬ್ಯಾಡ ಅಂತೀಯೆ. ನೆಲುಕ್ ಚೆಲ್ಲುದ್ರೆ ಅವ್ಳು ಬಯ್ತಿದ್ಲು. ಎಲ್ಲಿಗ್ ಉಯ್ಯನ, ನೀನೇ ಏಳಪ್ಪ.”

ಅವರ ಕಣ್ಣು ನನ್ನ ತಟ್ಟೆಯ ಮೇಲಿತ್ತು. ಹಾಲಿನೊಳಗೆ ಬೆಳಕು ಇಳಿಯುವುದಿಲ್ಲ. ನನ್ನ ಹೆಂಚು ಅದಕ್ಕೆ ಏನೂ ಮಾಡಲಾರದು.

ಕೊನೆಗೆ ಬೇಲಿಯ ಮೂಲೆಯಲ್ಲಿ ಗುಂಡಿ ತೋಡಿ ಹಾಲು ಸುರಿದು ಮುಚ್ಚಿದೆವು. ಮಣ್ಣಿನಲ್ಲಿ ಔಷಧ ಏನಾಗುತ್ತದೆಂದು ನನಗೂ ಸರಿಯಾಗಿ ತಿಳಿಯದು. ಯಾರೂ ತುಳಿಯದಿರಲೆಂದು ಅವರು ಮೇಲೆ ಜಾಲಿಮುಳ್ಳು ಹೊದಿಸಿದರು. ಅಕ್ಕನನ್ನು ಮಣ್ಣು ಮಾಡಿದ ಗುದ್ದದ ಮೇಲೂ ಅವರೇ ಹೀಗೆ ಬಗ್ಗಿ ಮುಳ್ಳು ಹೊದಿಸಿದ್ದರು. ಅಥವಾ ಅದನ್ನು ಹೊದಿಸಿದ್ದು ಬೇರೆ ಯಾರೋ. ಭಾವನನ್ನು ಕೇಳಬಹುದಿತ್ತು. ಕೇಳಲಿಲ್ಲ.